ಗುಂಡು ತೂರಿದ ಕೋಟು

“ಇನ್ನು ಮೇಲೆ ಈ ಊರಲ್ಲಿ ಒಂದೇ ಒಂದು ನಕಲಿ ಟೋಪಿ ಕೂಡ ಅಸಲಿ ಅಂತ ಹೇಳ್ಕೊಂಡು ತಲೆ ಎತ್ತಿ ಓಡಾಡಬಾರದು!”

ಭಾನುವಾರ ಬೆಳಗ್ಗೆ ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಭೂತಗನ್ನಡಿ ಈ ಘೋಷಣೆ ಹೊರಡಿಸಿದ. ಕೇಳಲು ಇದ್ದದ್ದು ಹೆಂಡತಿ ಒಬ್ಬಳೇ. ಆಕೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಕೆಂಪು ಪೆನ್ನು ಹಿಡಿದು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆ ಎತ್ತಲಿಲ್ಲ.

“ಯಾವ ಟೋಪಿ?”

“ಸೈನಿಕರ ಉಕ್ಕಿನ ಟೋಪಿ ಕಣೇ. ಈ ಸಲದ ಪ್ರದರ್ಶನಕ್ಕೂ ನಮ್ಮ ಹಳೇ ಸಾಮಾನು ಸಂಗ್ರಹದ ಸಂಘದೋರು ನನ್ನನ್ನೇ ಪರೀಕ್ಷಕ ಅಂತ ಮಾಡಿದ್ದಾರೆ. ನಾನು ಹೂಂ ಅಂದ್ರೆ ಅಸಲಿ, ಊಹೂಂ ಅಂದ್ರೆ ನಕಲಿ. ನನ್ನ ಕಣ್ಣಿಗೆ ಮಣ್ಣೆರಚೋನು ಇನ್ನೂ ಹುಟ್ಟಿಲ್ಲ.”

“ಹುಟ್ಟಿರೋರು ಬೇಕಾದಷ್ಟು ಜನ ಇದ್ದಾರೆ. ಅಡುಗೆಮನೆ ಅಟ್ಟದ ತುಂಬ ಅವರು ಮಾರಿದ ಟೋಪಿಗಳೇ ಇರೋದು. ಜರಡಿ ತೆಗೆಯೋಕೆ ಕೈ ಹಾಕಿದ್ರೆ ತಲೆ ಮೇಲೆ ಬೀಳ್ತವೆ.”

ಭೂತಗನ್ನಡಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಊರವರು ಪ್ರೀತಿಯಿಂದಲೂ ಸಿಟ್ಟಿನಿಂದಲೂ ಇಟ್ಟದ್ದು. ಅವನದು ಕನ್ನಡಕದಂಗಡಿ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ ಸದಾ ನೇತಾಡುತ್ತಿತ್ತು. ಕನ್ನಡಕ ಮಾರುವುದು ಹೊಟ್ಟೆಪಾಡು, ಹಳೆಯ ಸೈನಿಕ ಸಾಮಾನು ಹುಡುಕುವುದು ಜೀವ. ಕಣ್ಣು ತೋರಿಸಲು ಬಂದವರ ಕಣ್ಣಿಗಿಂತ ಮೊದಲು ಅವರ ಬೆಲ್ಟಿನ ಬಕಲ್ ಅವನ ಪರೀಕ್ಷೆಗೆ ಒಳಗಾಗುತ್ತಿತ್ತು. ಮನೆಯಲ್ಲಿ ನೀರಿನ ಬಾಟಲಿ, ದಿಕ್ಸೂಚಿ, ಪದಕ, ಸೀಟಿ, ಒಂಟಿ ಬೂಟು ಎಲ್ಲ ಸೇರಿ ಎರಡು ಬೀರು ತುಂಬಿ ಮಂಚದ ಕೆಳಗೂ ಇಳಿದಿದ್ದವು. ಕಳೆದ ಚಳಿಗಾಲದಲ್ಲಿ ಕೈಸೇರಿದ ಒಂದು ಅಸಲಿ ಸೈನಿಕ ಕೋಟಂತೂ ಅವನ ಪಾಲಿಗೆ ಸ್ವಂತ ಮಗುವಿಗಿಂತ ಒಂದು ಹಿಡಿ ಹೆಚ್ಚು.

ವಿದ್ಯೆ ಇರಲಿಲ್ಲ ಎನ್ನುವಂತಿಲ್ಲ. ಈ ಲೋಕದ ಕಳ್ಳಾಟಗಳೆಲ್ಲ ಅವನಿಗೆ ಬಾಯಿಪಾಠ. ಹೊಸ ಬೆಲ್ಟನ್ನು ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡುವವರು, ಹೊಸ ಬಕಲನ್ನು ಒದ್ದೆ ಮಣ್ಣಿನಲ್ಲಿ ಹೂತು ಕಿಲುಬು ಬರಿಸುವವರು, ನಿನ್ನೆ ಮಾಡಿಸಿದ ಟೋಪಿಯನ್ನು ಕಲ್ಲಿಗೆ ಬಡಿದು ಯುದ್ಧಕ್ಕೆ ಕಳಿಸುವವರು, ಎಲ್ಲರನ್ನೂ ಬಲ್ಲ. ಅಯಸ್ಕಾಂತ ಹಿಡಿಯುತ್ತಿದ್ದ, ಮೂಸುತ್ತಿದ್ದ, ಒಮ್ಮೊಮ್ಮೆ ನೆಕ್ಕುತ್ತಲೂ ಇದ್ದ. ಇದೆಲ್ಲಕ್ಕಿಂತ ದೊಡ್ಡ ಅಸ್ತ್ರ ನೀಲಿ ದೀಪ. ನೋಟು ಅಸಲಿಯೋ ಖೋಟಾವೋ ಎಂದು ನೋಡುತ್ತಾರಲ್ಲ, ಅಂಥದ್ದು. ಸೈನಿಕರ ಬಟ್ಟೆ ಕತ್ತಲಲ್ಲಿ ಶತ್ರುವಿಗೆ ಕಾಣಬಾರದು. ಹಾಗಾಗಿ ಅದಕ್ಕೆ ಹೊಳಪಿಲ್ಲದ ದಾರ ಹಾಕಿ ಹೊಲಿದಿರುತ್ತಾರೆ. ನೀಲಿ ದೀಪ ಬಿಟ್ಟರೂ ಅದು ಮಂಕಾಗಿಯೇ ಇರುತ್ತದೆ. ಪೇಟೆಯ ದಾರವಾದರೆ ಬೆಳ್ಳಗೆ ಹೊಳೆದು ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದೆ. ಹೀಗೆ ಅವನು ಹೋದ ವರ್ಷ ಗುಜರಿ ಅಂಗಡಿಯವನ ಟೋಪಿಯ ಪಟ್ಟಿ, ಚೀಲ, ಡೇರೆ ಮೂರನ್ನೂ ತುಂಬಿದ ಸಭೆಯಲ್ಲಿ ಹೊಳೆಸಿ ಬಿಸಾಡಿದ್ದ. ಗುಜರಿಯವನು ಅಂದಿನಿಂದ ಇವನ ಅಂಗಡಿಯ ಮುಂದೆ ಹೋಗುವಾಗ ಆಚೆ ಬದಿಗೆ ದಾಟಿ ಹೋಗುತ್ತಿದ್ದ.

ಈ ಬಾರಿಯ ಪ್ರದರ್ಶನಕ್ಕೆ ಒಂದು ಮುಖ್ಯ ಆಕರ್ಷಣೆ ಬೇಕಿತ್ತು. ಭೂತಗನ್ನಡಿಗೆ ಹೊಳೆದದ್ದು ಮಾವನ ಕೋಟು.

ಮಾವ ಸೈನ್ಯದಲ್ಲಿದ್ದು ನಿವೃತ್ತರಾದವರು. ಅವರ ಕೋಟು ಹಾಲ್‌ನಲ್ಲಿ ಗಾಜಿನ ಬಾಗಿಲಿನ ಬೀರುವಿನೊಳಗೆ, ಬೀಗದ ಹಿಂದೆ, ಎಡತೋಳು ಮಾತ್ರ ಕಾಣುವಂತೆ ಮಡಿಚಿ ಕೂತಿತ್ತು. ಆ ತೋಳಿನಲ್ಲಿ ಒಂದು ತೂತು. ಗಡಿಠಾಣೆಯಲ್ಲಿ ಕಾವಲಿಗಿದ್ದಾಗ ಎಲ್ಲಿಂದಲೋ ಬಂದ ಗುಂಡು ತೋಳನ್ನು ತೂರಿ, ಚರ್ಮ ಮುಟ್ಟದೆ, ಹಿಂದಿದ್ದ ನೀರಿನ ಡಬ್ಬಕ್ಕೆ ಬಡಿಯಿತಂತೆ. “ಎಡಗಡೆಯಿಂದ ಬಂತು,” ಎಂದು ಮಾವ ಎಡಭುಜವನ್ನು ಸರಕ್ಕನೆ ಹಿಂದಕ್ಕೆಳೆದು ತೋರಿಸುತ್ತಿದ್ದರು. ಆ ಮನೆಗೆ ಹೋದ ಯಾರಿಗೂ ಆ ಗುಂಡಿನಿಂದ ಬಿಡುಗಡೆಯಿಲ್ಲ. ಮೊಮ್ಮಕ್ಕಳು ಕಥೆ ಶುರುವಾಗುವ ಮೊದಲೇ ಎಡಕ್ಕೆ ಬಗ್ಗುತ್ತಿದ್ದರು.

ಕೋಟು ಕೊಡಲು ಮಾವ ಸಂತೋಷದಿಂದ ಒಪ್ಪಿದರು. ಒಪ್ಪದವರು ಅತ್ತೆ.

“ಅದನ್ನ ಯಾಕೆ ಅಳಿಯಂದ್ರೇ? ನುಸಿ ತಿಂದಿರುತ್ತೆ.”

“ನುಸಿ ತಿಂದಷ್ಟೂ ಒಳ್ಳೇದು ಅತ್ತೆ. ನುಸಿ ಸುಳ್ಳು ಹೇಳಲ್ಲ.”

“ಬೇರೆ ಏನಾದ್ರೂ ತಗೊಂಡು ಹೋಗಿ. ನಮ್ಮ ಮದುವೆ ಫೋಟೋ ಇದೆ, ಅದರಲ್ಲೂ ಇವರು ಸೈನಿಕರ ಹಾಗೇ ನಿಂತಿದ್ದಾರೆ.”

ಅತ್ತೆಯ ಮುಖ ಬಿಳಿಚಿದ್ದನ್ನು ಭೂತಗನ್ನಡಿ ಗಮನಿಸಲಿಲ್ಲ. ಹೆಂಡತಿ ಮಾತ್ರ ಎಚ್ಚರಿಸಿದಳು: “ನೋಡಿ, ಅಪ್ಪನ ಕೋಟನ್ನ ಮೇಜಿನ ಮೇಲೆ ಇಡಿ, ಕೈ ಮುಗೀರಿ, ಬನ್ನಿ. ಆ ದೀಪ ಗೀಪ ಏನೂ ಬಿಡಬೇಡಿ.”

“ನ್ಯಾಯ ಎಲ್ಲರಿಗೂ ಒಂದೇ ಕಣೇ. ಮಾವನ ಕೋಟನ್ನ ಬಿಟ್ರೆ ನಾಳೆ ಆ ಗುಜರಿಯೋನು ನನ್ನನ್ನ ಸುಮ್ನೆ ಬಿಡ್ತಾನಾ? ಅದೂ ಅಲ್ದೆ, ಅಸಲಿ ಮಾಲಿಗೆ ಭಯ ಯಾಕೆ?”

ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತು ಆಡಿಯೇ ಅವನು ಹಾಳಾದದ್ದು.

ಪ್ರದರ್ಶನ ನಡೆದದ್ದು ಗ್ರಂಥಾಲಯದ ಮಹಡಿಯ ಹಾಲ್‌ನಲ್ಲಿ. ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಸಾಲಾಗಿ ಸಾಮಾನು, ಗೋಡೆಯುದ್ದಕ್ಕೂ ಕುರ್ಚಿ. ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. “ಈ ವಯಸ್ಸಿನಲ್ಲೂ ನನ್ನ ಬಾಯಲ್ಲಿರೋ ಹಲ್ಲೆಲ್ಲ ನನ್ನವೇ,” ಎಂದು ಬಂದ ರೋಗಿಗಳಿಗೆಲ್ಲ ಹೇಳಿ ವ್ಯಾಪಾರ ಕುದುರಿಸಿಕೊಂಡವರು. ಅವತ್ತೂ ಬಾಗಿಲಲ್ಲಿ ನಿಂತು ಆ ಹಲ್ಲುಗಳನ್ನೆಲ್ಲ ಧಾರಾಳವಾಗಿ ತೋರಿಸಿ ಸ್ವಾಗತಿಸುತ್ತಿದ್ದರು. ಮೊದಲ ಸಾಲಿನಲ್ಲಿ ಮಾವ, ಇಸ್ತ್ರಿ ಮಾಡಿದ ಷರಟು, ಮಿರಮಿರ ಮಿಂಚುವ ಬೂಟು. ಪಕ್ಕದಲ್ಲಿ ಮಗಳು. ಅತ್ತೆ ಮಂಡಿನೋವೆಂದು ಬಂದಿರಲಿಲ್ಲ.

ಪರದೆ ಎಳೆದು ಕತ್ತಲು ಮಾಡಿದರು. ಭೂತಗನ್ನಡಿ ಪೆಟ್ಟಿಗೆಯಿಂದ ಕೋಟಿನ ತೋಳನ್ನಷ್ಟೇ ಹೊರಗೆಳೆದು, ಗಂಟಲು ಸರಿಮಾಡಿಕೊಂಡ. ದೀಪವನ್ನು ಒಂದು ಸಲ ಹಾಯಿಸಿ, ‘ಇದು ಬಟ್ಟೆಯಲ್ಲ, ಇತಿಹಾಸ’ ಎಂದು ಶುರುವಾಗುವ ಭಾಷಣ ಬಿಗಿಯುವುದು ಅವನ ಯೋಜನೆ. ಕನ್ನಡಿ ಮುಂದೆ ಅಭ್ಯಾಸವೂ ಆಗಿತ್ತು.

ದೀಪ ಹಾಯಿಸಿದ. ಕೋಟಿನ ಹೊಲಿಗೆಗಳೆಲ್ಲ ಧಗ್ಗನೆ ಬೆಳ್ಳಗೆ ಹೊಳೆದವು. ಭುಜದಿಂದ ಮಣಿಕಟ್ಟಿನವರೆಗೆ ಒಂದೊಂದು ಹೊಲಿಗೆಯನ್ನೂ ಹಿಂದಿನ ಕುರ್ಚಿಯವರು ಕೂತಲ್ಲಿಂದಲೇ ನೋಡಬಹುದಿತ್ತು.

ಬುದ್ಧಿ ಇರುವ ಅಳಿಯನಾದರೆ ಅಲ್ಲೇ ಕೆಮ್ಮಿ, ತಲೆ ಸುತ್ತಿದಂತೆ ಮಾಡಿ, ದೀಪದ ಮೇಲೆ ಬೀಳುತ್ತಿದ್ದ. ನಮ್ಮವನಿಗೆ ವಿದ್ಯೆ ಇತ್ತಲ್ಲ! ಕೈ ತಾನಾಗಿ ಭೂತಗನ್ನಡಿ ಹಿಡಿಯಿತು, ಕಣ್ಣು ತಾನಾಗಿ ತೂತಿನ ಮೇಲೆ ಕೂತಿತು, ವರ್ಷಗಟ್ಟಲೆ ಪಳಗಿದ ಬಾಯಿ ತಾನಾಗಿ ತೆರೆಯಿತು: “ದಾರ ಪೇಟೇದು. ತೂತಿನ ಅಂಚು ಕರಗಿ ಗಟ್ಟಿಯಾಗಿದೆ, ಬಟ್ಟೆಯಲ್ಲಿ ನೈಲಾನ್ ಇದೆ. ಇದು ಗುಂಡಿನ ತೂತಲ್ಲ, ಕಾಯಿಸಿದ ಸಲಾಕೆ ಚುಚ್ಚಿದ್ದು. ನಕಲಿ.”

ಹಿಂದಿನಿಂದ ಗುಜರಿ ಅಂಗಡಿಯವನ ವಿನಯದ ದನಿ ಬಂತು. “ಕೊನೇ ಮಾತು ಸ್ವಲ್ಪ ಜೋರಾಗಿ ಹೇಳಿ ಸಾರ್. ಇಲ್ಲಿಗೆ ಕೇಳಿಸ್ಲಿಲ್ಲ.”

ಆಗ ಭೂತಗನ್ನಡಿಗೆ ತಾನು ಏನು ಹೇಳಿದೆ ಎಂಬುದು ತನಗೇ ಕೇಳಿಸಿತು. ಆರಿಸಲು ತಡಕಾಡುವಾಗ ದೀಪ ತಿರುಗಿತು. ತಿರುಗಿದ್ದು ಸುಮ್ಮನೆ ಹೋಗಲಿಲ್ಲ, ಬಾಯಿ ತೆರೆದು ನಿಂತಿದ್ದ ಅಧ್ಯಕ್ಷರ ಮುಖದ ಮೇಲೆ ಬಿತ್ತು. ಹುಟ್ಟಿದ ಹಲ್ಲು ಆ ಬೆಳಕಿನಲ್ಲಿ ಹೊಳೆಯುತ್ತದೆ, ಕಟ್ಟಿಸಿದ ಹಲ್ಲು ಕಪ್ಪಗೆ ಕಾಣುತ್ತದೆ. ಅಧ್ಯಕ್ಷರ ಮುಂದಿನ ಸಾಲಿನಲ್ಲಿ ನಾಲ್ಕು ಕಪ್ಪು. ಅವರು ಪಟಕ್ಕನೆ ಬಾಯಿ ಮುಚ್ಚಿದರೂ ನೋಡುವವರೆಲ್ಲ ನೋಡಿಯಾಗಿತ್ತು.

“ಲೈಟ್ ಹಾಕಿ,” ಎಂದರು ಮಾವ.

ಲೈಟು ಬಂತು. ಮಾವ ಎದ್ದು ಬಂದು ಕೋಟಿನ ತೋಳನ್ನು ಒಳಗೆ ಮಡಿಚಿ, ಪೆಟ್ಟಿಗೆ ಮುಚ್ಚಿ, ಕಂಕುಳಲ್ಲಿಟ್ಟುಕೊಂಡರು. ಅಳಿಯನನ್ನು ನೋಡಲಿಲ್ಲ. “ನಾನು ಸೈನ್ಯದಲ್ಲಿದ್ದೆ,” ಎಂದು ಯಾರಿಗೂ ಅಲ್ಲದಂತೆ ಹೇಳಿ ಮೆಟ್ಟಿಲಿಳಿದು ಹೋದರು. ಹೆಂಡತಿ ಗಂಡನನ್ನು ಒಂದು ಸಲ ನೋಡಿ ಅಪ್ಪನ ಹಿಂದೆ ನಡೆದಳು.

ಅವತ್ತು ಸಂಜೆ ಮನೆಯಲ್ಲಿ ಯುದ್ಧ. ಇದು ಮಾತ್ರ ಶೇಕಡಾ ನೂರು ಅಸಲಿ.

“ಊಟ?”

“ಒಳಗಿದೆ. ದೀಪ ಬಿಟ್ಟು ನೋಡಿ, ಅಸಲಿ ಅನ್ನವೋ ನಕಲಿ ಅನ್ನವೋ ತಿಳ್ಕೊಂಡು ತಿನ್ನಿ.”

“ನಾನು ಇದ್ದದ್ದನ್ನ ಹೇಳ್ದೆ ಕಣೇ.”

“ಹೋದ ತಿಂಗಳು ನಿಮ್ಮ ಅಕ್ಕ ಹೊಸ ಸೋಫಾ ತೋರಿಸಿ ಹೇಗಿದೆ ಅಂದಾಗ ಇದ್ದದ್ದನ್ನ ಯಾಕೆ ಹೇಳ್ಲಿಲ್ಲ? ನಿಮ್ಮ ಸತ್ಯಕ್ಕೆ ನಮ್ಮಪ್ಪನೇ ಸಿಗಬೇಕಿತ್ತಾ?”

ಸೋಫಾ ನಿಜಕ್ಕೂ ಕೆಟ್ಟದಾಗಿತ್ತು.

ಮಾತು ಊರಿಗೆ ಹಬ್ಬಲು ಹೊತ್ತು ಬೇಕೆ? ಕ್ಷೌರದಂಗಡಿಯಲ್ಲಿ ‘ಕೋಟು ನಕಲಿಯಂತೆ’ ಎಂದು ಹೊರಟದ್ದು ಔಷಧಿ ಅಂಗಡಿ ತಲುಪುವಾಗ ‘ಗುಂಡೇ ಹಾರಿರಲಿಲ್ಲವಂತೆ’ ಆಯಿತು, ಉದ್ಯಾನ ಮುಟ್ಟುವಾಗ ‘ಅವರು ಸೈನ್ಯದಲ್ಲೇ ಇರಲಿಲ್ಲವಂತೆ’ ಆಯಿತು. ಮಾವ ದಿನಾ ಬೆಳಗ್ಗೆ ಆ ಉದ್ಯಾನದಲ್ಲಿ ಎದೆ ಸೆಟೆಸಿ ನಾಲ್ಕು ಸುತ್ತು ನಡೆಯುತ್ತಿದ್ದವರು. ಮಕ್ಕಳೆಲ್ಲ ಸಲ್ಯೂಟ್ ಹೊಡೆಯುತ್ತಿದ್ದರು. ಈಗ ಬೆಂಚಿನ ಮೇಲಿನ ಒಬ್ಬ ಸೋಮಾರಿ, “ಯಜಮಾನ್ರೇ, ಆ ಥರ ಕೋಟು ಯಾವ ಅಂಗಡೀಲಿ ಸಿಗುತ್ತೆ?” ಎಂದು ಕೇಳಿದ. ಮಾವ ಉದ್ಯಾನಕ್ಕೆ ಹೋಗುವುದನ್ನು ಬಿಟ್ಟರು.

ಇದು ಭೂತಗನ್ನಡಿಯ ಕಿವಿಗೂ ಬಿತ್ತು. ಅವನಿಗೆ ಮಾವನೆಂದರೆ ಇಷ್ಟವಿತ್ತು. ಕ್ಷಮೆ ಕೇಳಿಬಿಡೋಣವೆಂದು ಹೋದ. ಮಾವ ಗಾಜಿನ ಬೀರುವಿನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಗಡ್ಡ ಬೋಳಿಸಿರಲಿಲ್ಲ. ಆ ಮನುಷ್ಯನ ಗಡ್ಡವನ್ನು ಅಳಿಯ ಅದೇ ಮೊದಲು ನೋಡಿದ್ದು.

“ಅಳಿಯಂದ್ರೇ, ಒಂದೇ ಮಾತು ಕೇಳ್ತೀನಿ. ನಿಮಗೆ ಖಾತ್ರೀನಾ?”

ಭೂತಗನ್ನಡಿ ನೆಲ ನೋಡಿದ.

“ಆ ಗುಂಡು ಬಂದಿದ್ದು ನಂಗೆ ಚೆನ್ನಾಗಿ ನೆನಪಿದೆ,” ಎಂದರು ಮಾವ. ಆಮೇಲೆ ಮೆಲ್ಲಗೆ, “ಈಗೀಗ ನಂಗೇ ಅನುಮಾನ ಬರ್ತಿದೆ. ಬಂದಿತ್ತಾ, ಇಲ್ವಾ?”

ಇದಕ್ಕಿಂತ ಅವರು ಎದ್ದು ಕಪಾಳಕ್ಕೆ ಬಾರಿಸಿದ್ದರೆ ಅಳಿಯನಿಗೆ ಸುಖವಾಗುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕರೆದರು: “ಅಳಿಯಂದ್ರೇ, ಇಸ್ತ್ರಿ ಪೆಟ್ಟಿಗೆ ಶಾಕ್ ಹೊಡೀತಿದೆ, ಸ್ವಲ್ಪ ಬಂದು ನೋಡ್ತೀರಾ?”

ಹಿಂದಿನ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ತಣ್ಣಗೆ ಮೂಲೆಯಲ್ಲಿತ್ತು. ಅತ್ತೆ ಬಾಗಿಲು ಹಾಕಿ, ಇಸ್ತ್ರಿ ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ಎತ್ತಿದರು. ಕೆಳಗೆ ದಪ್ಪನೆಯ ಹಸಿರು ಬಟ್ಟೆ, ಮೇಜಿನ ಅಳತೆಗೆ ಕತ್ತರಿಸಿ ಸುತ್ತ ಹೊಲಿದದ್ದು. ಒಂದು ತುದಿಯಲ್ಲಿ ತೋಳಿನ ಆಕಾರ, ಅದರಲ್ಲಿ ಒಂದು ತೂತು.

“ದೀಪ ತಂದಿದ್ದೀರಾ?” ಎಂದು ಕೇಳಿದರು ಅತ್ತೆ.

ಅವನು ಸ್ನಾನದ ಮನೆಗೂ ಅದನ್ನು ಬಿಟ್ಟು ಹೋಗುವವನಲ್ಲ. ಕಿಟಕಿ ಮುಚ್ಚಿ ದೀಪ ಹಾಯಿಸಿದ. ಬಟ್ಟೆ ಮಂಕಾಗಿ, ಗಂಭೀರವಾಗಿ, ಒಂದು ಚೂರೂ ಹೊಳೆಯದೆ ಮಲಗಿತ್ತು. ತೂತಿನ ಅಂಚಿನಲ್ಲಿ ನೂಲು ಹರಿದು ಒಳಮುಖವಾಗಿ ಬಾಗಿತ್ತು. ಹೀಗೆ ಹರಿಯುವುದು ಗುಂಡಿಗೆ ಮಾತ್ರ. ಭೂತಗನ್ನಡಿಯ ಕಣ್ಣಲ್ಲಿ ನೀರು ಬಂತು. ಮಾವನ ಷರಟುಗಳೆಲ್ಲ ಇಷ್ಟು ವರ್ಷ ಅವರದೇ ಶೌರ್ಯದ ಮೇಲೆ ಇಸ್ತ್ರಿಯಾಗುತ್ತಿದ್ದವು.

“ಅತ್ತೆ, ಇದು...”

“ಆಗ ಅವರು ಇನ್ನೂ ಕೆಲಸದಲ್ಲಿದ್ರು. ರಜೆಗೆ ಬಂದೋರು ಟ್ರಂಕಿನಲ್ಲಿ ಇದನ್ನ ಬಿಟ್ಟು ಹೋಗಿದ್ರು, ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ. ತೂತು ಬಿದ್ದ ಹಳೇ ಕೋಟು, ಮೇಜಿಗೆ ಒಳ್ಳೇ ದಪ್ಪ ಬಟ್ಟೆ ಅಂತ ಕತ್ತರಿ ಹಾಕ್ದೆ. ಮುಂದಿನ ಸಲ ಫೋನಿನಲ್ಲಿ, ‘ಕೋಟು ಜೋಪಾನವಾಗಿಡು, ಅದರ ಕಥೆ ಬಂದ ಮೇಲೆ ಹೇಳ್ತೀನಿ’ ಅಂದ್ರು. ನನ್ನ ಜೀವ ಬಾಯಿಗೆ ಬಂತು. ನಮ್ಮ ಬಟ್ಟೆ ಹೊಲಿಯೋ ದರ್ಜಿ ಹತ್ರ ಓಡಿ, ಅದೇ ಬಣ್ಣದ್ದು ಹುಡುಕಿ ಹೊಲಿಸ್ದೆ. ತೂತು ನಾನೇ ಮಾಡಿದ್ದು, ಒಲೆಯಲ್ಲಿ ಸಲಾಕೆ ಕಾಯಿಸಿ.”

ಭೂತಗನ್ನಡಿ ಮೇಜಿನತ್ತ ಮತ್ತೆ ಬಗ್ಗಿದ. “ಆದರೆ ಅತ್ತೆ, ಇದು ಬಲತೋಳು.”

“ಹೂಂ.”

“ಬೀರುವಿನಲ್ಲಿರೋದು ಎಡತೋಳು.”

“ಯಾವ ಕಡೆ ಅಂತ ಗಾಬರೀಲಿ ಮರೆತುಹೋಗಿತ್ತು. ಕತ್ತರಿಸಿದ್ದನ್ನ ತಿರುಗಿಸಿ ಮುರುಗಿಸಿ ಹೊಲಿದುಬಿಟ್ಟಿದ್ದೆ, ನೋಡಿದ್ರೂ ಗೊತ್ತಾಗ್ಲಿಲ್ಲ. ಒಂದು ಕಡೆ ಮಾಡ್ದೆ. ಅವರು ಬಂದು ಕೋಟು ತೆಗೆದು ನೋಡಿದ್ರು, ಎರಡೂ ತೋಳು ತಡವಿದ್ರು. ಆಮೇಲೆ, ‘ಎಡಗಡೆಯಿಂದ ಬಂತು ನೋಡು’ ಅಂದ್ರು. ಅವತ್ತಿನಿಂದ ಎಡಗಡೆಯಿಂದಾನೇ ಬರ್ತಿದೆ.”

“ಈಗಾದ್ರೂ ಹೇಳಿಬಿಡಿ ಅತ್ತೆ. ಅಸಲಿ ಸಿಕ್ತಲ್ಲ. ನಾನೇ ಸಭೆಯಲ್ಲಿ ತೋರಿಸ್ತೀನಿ.”

ಅತ್ತೆ ಬಿಳಿ ಬಟ್ಟೆಯನ್ನು ಮತ್ತೆ ಹೊದಿಸಿ, ಅಂಗೈಯಿಂದ ಸಪಾಟು ಮಾಡಿದರು. “ಕೋಟು ಕತ್ತರಿಸಿದ್ದಕ್ಕೆ ಅವರು ನನ್ನ ಬೈತಾರೆ, ಬೈಯಲಿ. ಆದ್ರೆ ಇಷ್ಟು ವರ್ಷ ಮಕ್ಕಳು ಮೊಮ್ಮಕ್ಕಳ ಎದುರು ಎಡಭುಜ ತೋರಿಸಿದ್ದಾರಲ್ಲ, ಆ ಭುಜಾನ ಏನು ಮಾಡ್ಕೋಬೇಕು ಅವರು? ನೀವು ಸಭೆಗೆ ಹೋಗಿ. ದೀಪ ಕೆಟ್ಟಿತ್ತು ಅನ್ನಿ.”

“ಅತ್ತೆ, ನನ್ನ ಮಾತಿಗೆ ಊರಲ್ಲಿ ಒಂದು ತೂಕ ಇದೆ.”

“ಅವರು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ,” ಎಂದರು ಅತ್ತೆ.

ತೂಕದ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮುಂದಿನ ಸಭೆಗೆ ಭೂತಗನ್ನಡಿ ಮಾವನನ್ನು ಕಾಡಿಬೇಡಿ ಕರೆತಂದ. ಕೋಟಿನ ಪೆಟ್ಟಿಗೆ ಅವರ ತೊಡೆಯ ಮೇಲೆ ಮುಚ್ಚಿಯೇ ಇತ್ತು. ಹಿಂದಿನ ಸಲ ಬಾರದವರೂ ಈ ಸಲ ಬಂದಿದ್ದರು. ಒಬ್ಬ ಮನುಷ್ಯ ತನ್ನ ಮಾತನ್ನು ತಾನೇ ನುಂಗುವುದನ್ನು ನೋಡಲು ಯಾರಿಗೆ ತಾನೇ ಬಿಡುವಿಲ್ಲ? ಅವನು ಎದ್ದು ನಿಂತು, ಬೆವರು ಒರೆಸಿಕೊಂಡು, ಜೀವಮಾನದಲ್ಲೇ ಮೊದಲ ಬಾರಿಗೆ ಒಂದು ನಕಲಿಯನ್ನು ಅಸಲಿ ಎಂದು ದೃಢಪಡಿಸಿದ. “ಅವತ್ತು ನನ್ನ ದೀಪ ಕೆಟ್ಟಿತ್ತು. ಮಾವನ ಕೋಟು ಅಸಲಿ. ಗುಂಡೂ ಅಸಲಿ. ಎಡಗಡೆಯಿಂದಾನೇ ಬಂದಿದ್ದು.”

“ಕೆಟ್ಟೇ ಇತ್ತು!” ಎಂದು ಅಧ್ಯಕ್ಷರು ಕುರ್ಚಿಯಿಂದ ಎಗರಿದರು. “ಆ ದೀಪದಲ್ಲಿ ಕಂಡಿದ್ದು ಯಾವುದೂ ನಿಜ ಅಲ್ಲ. ಕೋಟಾಗಲಿ, ಹಲ್ಲಾಗಲಿ. ಇದನ್ನ ಎಲ್ಲರೂ ಹೊರಗೆ ಹೋಗಿ ನಾಲ್ಕು ಜನಕ್ಕೆ ಹೇಳಬೇಕು ಅಂತ ನನ್ನ ವಿನಂತಿ.”

ಚಪ್ಪಾಳೆ ಬಿತ್ತು. ಮಾವನ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಅದನ್ನು ನೋಡಿ ಭೂತಗನ್ನಡಿಗೆ, ಹೋದರೆ ಹೋಗಲಿ ಮರ್ಯಾದೆ, ಮಾವ ಗಡ್ಡ ಬೋಳಿಸಿಕೊಂಡರೆ ಸಾಕು ಎನ್ನಿಸಿತು. ಇಷ್ಟಕ್ಕೆ ಮುಗಿದಿದ್ದರೆ ಇದು ಒಂದು ನೀತಿಕಥೆಯಾಗುತ್ತಿತ್ತು.

ಗುಜರಿ ಅಂಗಡಿಯವನು ಕೈಯೆತ್ತಿದ. “ಸಾರ್, ಹೋದ ವರ್ಷ ನನ್ನ ಟೋಪಿ, ಚೀಲ, ಡೇರೆ ಮೂರೂ ಇದೇ ದೀಪದಲ್ಲಿ ನಕಲಿ ಆಗಿದ್ವಲ್ಲ?”

“ಅದು... ಆಗ ದೀಪ ಚೆನ್ನಾಗಿತ್ತು.”

“ದೀಪ ಯಾವಾಗ ಕೆಟ್ಟಿತು ಸಾರ್? ಕೋಟಿನ ಹೊತ್ತಿಗೇ ಸರಿಯಾಗಿ ಕೆಟ್ಟಿತಾ?”

ಎಲ್ಲರೂ ಭೂತಗನ್ನಡಿಯನ್ನು ನೋಡಿದರು. ಮಾವನೂ ನೋಡಿದರು, ಆಗತಾನೇ ನೆಟ್ಟಗಾಗಿದ್ದ ಬೆನ್ನು ಮತ್ತೆ ಅನುಮಾನದಿಂದ ತುಸು ಬಾಗಿತು. “ಮೊದಲಿನಿಂದಲೂ ಕೆಟ್ಟೇ ಇತ್ತು,” ಎಂದ ಭೂತಗನ್ನಡಿ.

ಅಷ್ಟು ಸಾಕಾಯಿತು. ಟೋಪಿ ಅಸಲಿಯಾಯಿತು. ಡೇರೆ ಅಸಲಿಯಾಯಿತು. ಅವನು ಹಿಂದೆ ತಳ್ಳಿಹಾಕಿದ ಪದಕ, ಬಕಲ್, ಬೂಟುಗಳ ಒಡೆಯರೆಲ್ಲ ಸಾಲು ನಿಂತು ನ್ಯಾಯ ಕೇಳಿದರು. ಪ್ಲಾಸ್ಟಿಕ್ ದುರ್ಬೀನೊಂದು, ಅದರ ಮೇಲೆ ಆಟಿಕೆ ಕಂಪನಿಯ ಮುದ್ರೆ ಸಮೇತ, ಯುದ್ಧಕಾಲದ್ದೆಂದು ಮನ್ನಣೆ ಪಡೆಯಿತು. ಹೂಂ ಎನ್ನುತ್ತ ಹೋದ ಭೂತಗನ್ನಡಿಯ ಕುತ್ತಿಗೆ ನೋಯತೊಡಗಿತು.

ಕೊನೆಗೆ ಮಾವ ಎದ್ದು ನಿಂತರು. ಅಳಿಯ ಕೃತಜ್ಞತೆಯ ಎರಡು ಮಾತನ್ನು ನಿರೀಕ್ಷಿಸಿ ಕಣ್ಣು ತಗ್ಗಿಸಿದ.

“ಸೈನ್ಯದಲ್ಲಿ ಒಂದು ಪದ್ಧತಿ ಇದೆ,” ಎಂದರು ಮಾವ. “ಕೆಟ್ಟ ಉಪಕರಣ ಅಂತ ಗೊತ್ತಿಲ್ದೆ ಇಷ್ಟು ಕಾಲ ಬಳಸಿದೋನನ್ನ ಆ ಕೆಲಸದಲ್ಲಿ ಇಟ್ಕೊಳ್ಳೋದಿಲ್ಲ. ಅಳಿಯ ಅಂತ ನಾನು ಮುಖ ನೋಡೋದಿಲ್ಲ. ಇವರನ್ನ ಪರೀಕ್ಷಕರ ಸ್ಥಾನದಿಂದ ತೆಗೀಬೇಕು.”

ಗುಜರಿಯವನು ಅನುಮೋದಿಸಿದ. ಅಧ್ಯಕ್ಷರು ಬಾಯಿ ಮುಚ್ಚಿಕೊಂಡೇ ಕೈಯೆತ್ತಿದರು. ಹೊಸ ಪರೀಕ್ಷಕ ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿರಲಿಲ್ಲ. ಸೈನ್ಯದಲ್ಲಿದ್ದವರು, ಅಸಲಿ ಕೋಟಿನ ಒಡೆಯರು, ಸ್ವಂತ ಅಳಿಯನನ್ನೇ ಬಿಡದ ನ್ಯಾಯವಂತರು. ಮಾವ ಸರ್ವಾನುಮತದ ಆಯ್ಕೆಯಾದರು.

ಮರುದಿನದಿಂದ ಮಾವ ಉದ್ಯಾನದಲ್ಲಿ ಆರು ಸುತ್ತು ನಡೆಯತೊಡಗಿದರು. ಹೆಂಡತಿ ಗಂಡನ ತಟ್ಟೆಗೆ ಬಿಸಿ ಅನ್ನ ಬಡಿಸಿದಳು. “ನೀವು ಒಳ್ಳೇ ಕೆಲಸ ಮಾಡಿದ್ರಿ,” ಎಂದಳು. “ಕಣ್ಣು ಇಲ್ದಿದ್ರೆ ಏನಾಯ್ತು, ಮನಸ್ಸು ಒಳ್ಳೇದಿದೆ.” ನಿಜ ಹೇಳೋಣವೆಂದು ನಾಲಿಗೆ ತುದಿಗೆ ಬಂದದ್ದನ್ನು ಅವನು ಅನ್ನದ ಜೊತೆ ನುಂಗಿದ.

ಭಾನುವಾರ ಮಾವ ಕೋಟಿನ ಪೆಟ್ಟಿಗೆ ಹಿಡಿದು ಮನೆಗೆ ಬಂದರು. ಹಿಂದೆ ಅತ್ತೆ.

“ಪರೀಕ್ಷಕ ಆದೋನು ಮೊದಲು ಸ್ವಂತ ಮನೆಯಿಂದ ಶುರು ಮಾಡಬೇಕು,” ಎಂದರು. “ನಿಮ್ಮ ಸಾಮಾನೆಲ್ಲ ಹೊರಗೆ ತೆಗೀರಿ.”

ಮಾವನ ಬಳಿ ಭೂತಗನ್ನಡಿಯಿಲ್ಲ, ದೀಪವಿಲ್ಲ, ಅಯಸ್ಕಾಂತವಿಲ್ಲ. ಅಳತೆಗೋಲು ಒಂದೇ, ಅವರ ಅಸಲಿ ಕೋಟು. ಅದನ್ನು ಊಟದ ಮೇಜಿನ ಮೇಲೆ ಪೂರ್ತಿ ಬಿಡಿಸಿ ಹರವಿ, ಅಳಿಯನ ಒಂದೊಂದು ಸಾಮಾನನ್ನೂ ಅದರ ಪಕ್ಕ ಇಟ್ಟು ನೋಡಿದರು. ಬೆಲ್ಟು ಬಂತು. “ಬಣ್ಣ ಕೂಡ್ತಿಲ್ಲ. ನಕಲಿ.” ಚೀಲ ಬಂತು. “ದಾರ ನೋಡಿ, ಮಂಕಾಗಿದೆ. ನನ್ನ ಕೋಟಿನ ದಾರ ಹೇಗೆ ಮಿರಿಮಿರಿ ಅಂತಿದೆ! ನಕಲಿ.” ಡೇರೆಯ ತುಂಡನ್ನು ಮೂಸಿದರು. “ಸೈನ್ಯದ ಬಟ್ಟೆಗೆ ನುಸಿಗುಳಿಗೆ ವಾಸನೆ ಇರಬೇಕು. ಇದಕ್ಕಿಲ್ಲ.” ವರ್ಷಗಟ್ಟಲೆ ಹುಡುಕಿ, ಜಗಳವಾಡಿ, ಹೆಂಡತಿಯ ಕಣ್ಣು ತಪ್ಪಿಸಿ ಕೂಡಿಸಿದ್ದೆಲ್ಲ ಒಂದೊಂದಾಗಿ ಬಾಗಿಲ ಬಳಿಯ ಗೋಣಿಚೀಲಕ್ಕೆ ಹೋಯಿತು. ಚೀಲದ ಬಾಯಿ ಹಿಡಿದು ನಿಂತಿದ್ದವಳು ಹೆಂಡತಿ. ಅಪ್ಪನ ತೀರ್ಪಿನ ಮೇಲೆ ಅವಳಿಗೆ ಎಂದೂ ಇಲ್ಲದ ಭಕ್ತಿ ಬಂದಿತ್ತು.

ಭೂತಗನ್ನಡಿ ಅತ್ತೆಯ ಮುಖ ನೋಡಿದ. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

ಕೊನೆಗೆ ಉಳಿದದ್ದು ಅವನ ಕಣ್ಮಣಿ, ಆ ಸೈನಿಕ ಕೋಟು. ಅವನೇ ಎತ್ತಿ ತಂದು, ಮಲಗಿದ ಮಗುವನ್ನು ಇಳಿಸುವಂತೆ ಮೇಜಿನ ಮೇಲೆ ಇಳಿಸಿದ. ಮಾವ ಎರಡನ್ನೂ ಅಕ್ಕಪಕ್ಕ ಜೋಡಿಸಿ, ಕೊರಳಿಂದ ಕೆಳಗಿನವರೆಗೆ ಬೆರಳು ಓಡಿಸಿ, ಅರ್ಧದಲ್ಲಿ ನಿಂತರು.

“ಇಲ್ಲಿ ನೋಡಿ ಅಳಿಯಂದ್ರೇ. ನನ್ನ ಕೋಟಿಗೆ ಗುಂಡಿ ಎಡಗಡೆ ಇದೆ. ನಿಮ್ಮದಕ್ಕೆ ಬಲಗಡೆ. ಇಷ್ಟು ದೊಡ್ಡ ತಪ್ಪು ನಿಮಗೆ ಕಾಣಿಸ್ಲಿಲ್ವಾ?”

ಭೂತಗನ್ನಡಿ ಬಗ್ಗಿ ನೋಡಿದ. ನಿಜವಾಗಿತ್ತು. ಗಂಡಸರ ಕೋಟಿಗೆ ಗುಂಡಿ ಬಲಗಡೆ ಇರುತ್ತದೆ. ಮಾವ ಮೈಮೇಲೆ ತೊಟ್ಟಿದ್ದ ಷರಟಿಗೂ ಬಲಗಡೆಯೇ ಇತ್ತು. ಅತ್ತೆ ಗಾಬರಿಯಲ್ಲಿ ಓಡಿದ್ದು ತಮ್ಮ ರವಿಕೆ ಹೊಲಿಯುವವನ ಹತ್ತಿರ. ಅವನು ಹೆಂಗಸರ ಬಟ್ಟೆಯ ವಾಡಿಕೆಯಂತೆ ಗುಂಡಿಯನ್ನು ಎಡಕ್ಕೆ ಹಾಕಿ ಕೈತೊಳೆದುಕೊಂಡಿದ್ದ. ದೀಪ ಬೇಡ, ಗಾಜು ಬೇಡ, ಕೋಟನ್ನು ಬಿಡಿಸಿ ಸುಮ್ಮನೆ ಒಮ್ಮೆ ನೋಡಿದ್ದರೆ ಸಾಕಿತ್ತು. ಆ ಪ್ರಖ್ಯಾತ ಕಣ್ಣಿಗೆ ಅದೇ ಕಂಡಿರಲಿಲ್ಲ.

“ಹೇಳಿ,” ಎಂದರು ಮಾವ. ದನಿಯಲ್ಲಿ ಕೋಪವಿರಲಿಲ್ಲ, ದಡ್ಡ ಹುಡುಗನಿಗೆ ಪಾಠ ಹೇಳಿಕೊಡುವ ಮೇಷ್ಟರ ಕರುಣೆ ಇತ್ತು. “ಎರಡರಲ್ಲಿ ಅಸಲಿ ಯಾವುದು, ನಕಲಿ ಯಾವುದು? ನೀವೇ ಹೇಳಿ ನೋಡೋಣ.”

ಅತ್ತೆ ಕಿಟಕಿಯಿಂದ ತಿರುಗಿದರು. ಹೆಂಡತಿ ಗೋಣಿಚೀಲದ ಬಾಯಿ ಅಗಲಿಸಿದಳು. ಭೂತಗನ್ನಡಿ ತನ್ನ ಕೋಟಿನ ಕೊರಳಪಟ್ಟಿಯನ್ನು ಒಂದು ಸಲ ಸವರಿ ಕೈ ಹಿಂದಕ್ಕೆ ತೆಗೆದುಕೊಂಡ.

“ನನ್ನದೇ ನಕಲಿ, ಮಾವ.”

ಮಾವನ ಮುಖ ಅರಳಿತು. ಎಡಗೈಯಿಂದ ಅಳಿಯನ ಬೆನ್ನು ತಟ್ಟಿದರು.

“ಭೇಷ್. ಈಗ ನೋಡಿ, ನಿಮಗೂ ಸ್ವಲ್ಪ ಕಣ್ಣು ಬಂತು.”